ಸಿಜಿಎಲ್ (ಕಮರ್ಷಿಯಲ್ ಜನರಲ್ ಲಯಬಿಲಿಟಿ), ಪಬ್ಲಿಕ್ ಲಯಬಿಲಿಟಿ, ಪ್ರಾಡಕ್ಟ್ ಲಯಬಿಲಿಟಿ: ಲಿಮಿಟ್ ಆಮೇಲೆ ನೋಡಿ, ಮೊದಲು ಎಕ್ಸ್‌ಕ್ಲೂಷನ್ ಓದಿ

ಲಯಬಿಲಿಟಿ ಇನ್ಶೂರೆನ್ಸ್‌ನ ಮೂರು ಕೊಟೇಶನ್ ವಾಟ್ಸಾಪ್‌ನಲ್ಲಿ ಕಳಿಸಿ "ಇದರಲ್ಲಿ ಯಾವುದು ಮಾಡ್ಸೋಣ ಸಾರ್" ಅಂತ ಕೇಳೋರು ಇತ್ತೀಚೆಗೆ ಜಾಸ್ತಿ ಆಗಿದಾರೆ. ಪೀಣ್ಯದಲ್ಲಿ ಸಿಎನ್‌ಸಿ ಶಾಪ್ ಇಟ್ಕೊಂಡಿರೋರು, ಚನ್ನಪಟ್ಟಣದಿಂದ ಬೊಂಬೆ ಎಕ್ಸ್‌ಪೋರ್ಟ್ ಮಾಡೋರು, ಕೇಟರಿಂಗ್‌ನೋರು, ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸೆಕ್ರೆಟರಿಗಳು, ಎಲ್ಲಾ ಥರದವರೂ ಇದಾರೆ. ಎಲ್ಲರೂ ಹೋಲಿಸಿ ನೋಡಿರೋದು ಎರಡೇ ಕಾಲಂ, ಲಿಮಿಟ್ (ಕಂಪನಿ ಹೆಚ್ಚೆಂದ್ರೆ ಕೊಡೋ ಮೊತ್ತ) ಎಷ್ಟು ಪ್ರೀಮಿಯಂ ಎಷ್ಟು ಅಂತ. ನಾನು ಕ್ಲೇಮ್ ಕಡೆ ಕೆಲಸ ಮಾಡೋನು, ನನಗೆ ಕಾಣೋದೇ ಬೇರೆ, ಸಣ್ಣ ಬಿಸಿನೆಸ್‌ಗಳಲ್ಲಿ ಲಿಮಿಟ್ ಸಾಲ್ದೆ ಜಗಳ ಆಗೋದು ಅಪರೂಪ, ಜಗಳ ಆಗೋದೆಲ್ಲ ಪಾಲಿಸಿಯ ಹಿಂದಿನ ಪುಟಗಳಲ್ಲಿ "ಇದು ಕವರ್ ಆಗಲ್ಲ" ಅಂತ ಬರೆದಿರೋ ಸಾಲುಗಳ, ಅಂದ್ರೆ ಎಕ್ಸ್‌ಕ್ಲೂಷನ್‌ಗಳ ಮೇಲೇನೇ. ಅದಕ್ಕೆ ಇಲ್ಲಿ ಆ ಕಡೆಯಿಂದ್ಲೇ ಶುರು ಮಾಡ್ತೀನಿ.

ಒಂದು ಮಾತು ಮೊದಲೇ ಕ್ಲಿಯರ್ ಆಗ್ಲಿ. ನಿಮ್ಮ ಶೆಡ್ಡು, ನಿಮ್ಮ ಮಶೀನು, ನಿಮ್ಮ ಸ್ಟಾಕ್ ಸುಟ್ಟೋದ್ರೆ ಅದು ಫೈರ್ ಪಾಲಿಸಿ ವಿಷಯ, ಇಲ್ಲಿ ಅದು ಬರಲ್ಲ. ಹೊರಗಿನೋರು ಯಾರಿಗೋ ನಿಮ್ಮ ಜಾಗದಿಂದ, ಕೆಲಸದಿಂದ, ಇಲ್ಲಾ ನೀವು ಮಾರಿದ ವಸ್ತುವಿಂದ ಪೆಟ್ಟಾಗಿ ಅಥವಾ ಅವರ ಆಸ್ತಿ ಹಾಳಾಗಿ, ಅವರು ನಿಮ್ಮಿಂದ ಪರಿಹಾರ ಕೇಳಿದಾಗ ಆ ದುಡ್ಡು ಮತ್ತೆ ವಕೀಲರ ಖರ್ಚು ಕೊಡೋದೇ ಲಯಬಿಲಿಟಿ ಪಾಲಿಸಿ. ನಿಮ್ಮ ಕೆಲಸ ಚೆನ್ನಾಗಿರುತ್ತೆ ಅನ್ನೋದಕ್ಕೆ ಇದು ಗ್ಯಾರಂಟಿ ಅಲ್ಲ. ಅರ್ಧ ಜಗಳ ಹುಟ್ಟೋದೇ ಈ ವ್ಯತ್ಯಾಸ ಗೊತ್ತಿಲ್ದೆ.

ಯಾವುದನ್ನ ಇಟ್ಕೊಂಡು ಅಳೀಬೇಕು

ನಾನು ನೋಡೋ ಕ್ರಮ ಹೀಗಿದೆ. ಮೊದಲನೇದು, ನಿಮ್ಮ ಮೇಲೆ ಕ್ಲೇಮ್ ಹಾಕೋ ಸಾಧ್ಯತೆ ಇರೋರು ಯಾರು: ಬಾಗಿಲೊಳಗೆ ಬರೋ ಗಿರಾಕಿನಾ, ಪಕ್ಕದ ಶೆಡ್ಡಿನೋರಾ, ನಿಮ್ಮ ಪಾರ್ಟ್ ಹಾಕ್ಕೊಂಡಿರೋ ಕಂಪನಿನಾ, ಅಮೆರಿಕದ ಅಂಗಡಿಯಲ್ಲಿ ಬೊಂಬೆ ಕೊಂಡ ತಾಯಿನಾ. ಎರಡನೇದು, ಕೇಸು ಎಲ್ಲಿ ಬೀಳುತ್ತೆ. ಪಾಲಿಸಿಯಲ್ಲಿ ಟೆರಿಟರಿ ಬೇರೆ, ಜ್ಯೂರಿಸ್‌ಡಿಕ್ಷನ್ ಬೇರೆ, ಟೆರಿಟರಿ ವರ್ಲ್ಡ್‌ವೈಡ್ ಅಂತ ದಪ್ಪ ಅಕ್ಷರದಲ್ಲಿರುತ್ತೆ, ಅದರ ಕೆಳಗೆ ಜ್ಯೂರಿಸ್‌ಡಿಕ್ಷನ್ ಇಂಡಿಯಾ ಮಾತ್ರ ಅಂತಿರುತ್ತೆ. ಅಂದ್ರೆ ಘಟನೆ ಎಲ್ಲಾದ್ರೂ ಆಗ್ಲಿ, ಕೇಸ್ ಮಾತ್ರ ಇಲ್ಲೇ ಹಾಕಿರಬೇಕು ಅಂತ. ಚಿಕಾಗೋದಲ್ಲಿ ಪೆಟ್ಟಾದೋನು ಬಂದು ಬೆಂಗಳೂರಲ್ಲಿ ಕೇಸ್ ಹಾಕ್ತಾನಾ?

ಮೂರನೇದು ತಾರೀಖಿನ ಲೆಕ್ಕ. ಅಕರೆನ್ಸ್ ಪಾಲಿಸಿಯಲ್ಲಿ ಪೆಟ್ಟಾದ ದಿನ ಯಾವ ಪಾಲಿಸಿ ಚಾಲ್ತಿಯಲ್ಲಿತ್ತೋ ಅದು ಕೊಡುತ್ತೆ, ಕ್ಲೇಮ್ ಎಷ್ಟು ವರ್ಷ ಆದ್ಮೇಲೆ ಬಂದ್ರೂ. ಕ್ಲೇಮ್ಸ್ ಮೇಡ್ ಪಾಲಿಸಿಯಲ್ಲಿ ನೋಟಿಸ್ ಬಂದ ದಿನ ಚಾಲ್ತಿಯಲ್ಲಿರೋದು ಕೊಡುತ್ತೆ, ಅದೂ ಘಟನೆ ರೆಟ್ರೋಆಕ್ಟಿವ್ ಡೇಟ್ (ಎಷ್ಟು ಹಿಂದಿನ ಘಟನೆವರೆಗೆ ಕವರ್ ಅಂತ ಪಾಲಿಸಿಯಲ್ಲಿ ಹಾಕಿರೋ ತಾರೀಖು) ಆದ್ಮೇಲೆ ಆಗಿದ್ರೆ ಮಾತ್ರ. 2023ರಲ್ಲಿ ಪೆಟ್ಟಾಗಿದೆ, 2025ರಲ್ಲಿ ನೋಟಿಸ್ ಬಂತು ಅಂದ್ಕೊಳ್ಳಿ. ಅಕರೆನ್ಸ್ ಆದ್ರೆ 2023ರ ಪಾಲಿಸಿ ತೆಗೀತೀರ. ಕ್ಲೇಮ್ಸ್ ಮೇಡ್ ಆದ್ರೆ 2025ರದ್ದು, ಆದ್ರೆ 2024ರಲ್ಲಿ ನೀವು ಪ್ರೀಮಿಯಂ ಸ್ವಲ್ಪ ಕಮ್ಮಿ ಅಂತ ಕಂಪನಿ ಬದಲಾಯಿಸಿದ್ದು, ಹೊಸ ಕಂಪನಿಯೋರು ರೆಟ್ರೋ ಡೇಟ್ ಹೊಸದಾಗಿ 2024 ಅಂತ ಹಾಕಿದ್ದು, ಅದನ್ನ ಯಾರೂ ನೋಡಿರಲ್ಲ, ಅಲ್ಲಿಗೆ ಹಳೆ ಪಾಲಿಸಿಯೂ ಇಲ್ಲ ಹೊಸದೂ ಇಲ್ಲ.

ಆಮೇಲೆ ವಕೀಲರ ಖರ್ಚು ಲಿಮಿಟ್ ಒಳಗಾ ಹೊರಗಾ, ಎಕ್ಸೆಸ್ ಅಂದ್ರೆ ನಿಮ್ಮ ಜೇಬಿಂದ ಮೊದಲು ಹೋಗೋದು ಎಷ್ಟು. ಕೊನೇದು, ಆದ್ರೆ ಎಲ್ಲಕ್ಕಿಂತ ತೂಕದ್ದು, ನಿಮ್ಮ ದಿನನಿತ್ಯದ ಕೆಲಸ ಯಾವುದೋ ಅದೇ ಎಕ್ಸ್‌ಕ್ಲೂಷನ್ ಪಟ್ಟಿಯಲ್ಲಿದೆಯಾ ಅನ್ನೋದು.

ಅಗ್ಗದ್ದು: ಅಂಗಡಿ ಪ್ಯಾಕೇಜ್ ಮತ್ತೆ ಪಬ್ಲಿಕ್ ಲಯಬಿಲಿಟಿ

ಶಾಪ್‌ಕೀಪರ್ ಪ್ಯಾಕೇಜ್ ಪಾಲಿಸಿಯಲ್ಲಿ ಬೆಂಕಿ, ಕಳ್ಳತನದ ಜೊತೆ ಲಯಬಿಲಿಟಿಗೂ ಒಂದು ಸೆಕ್ಷನ್ ಇರುತ್ತೆ, ಲಿಮಿಟ್ ಸಣ್ಣದು. ಕಿರಾಣಿ ಅಂಗಡಿ, ಬಟ್ಟೆ ಅಂಗಡಿಗೆ, ಗಿರಾಕಿ ಜಾರಿಬಿದ್ದ, ಬೋರ್ಡ್ ತಲೆ ಮೇಲೆ ಬಿತ್ತು ಅನ್ನೋ ಮಟ್ಟಕ್ಕೆ ಸಾಕು. ಇದರ ಬಗ್ಗೆ ಹೆಚ್ಚು ಹೇಳೋದೇನಿಲ್ಲ.

ಪಬ್ಲಿಕ್ ಲಯಬಿಲಿಟಿ ಪಾಲಿಸಿಯಲ್ಲಿ ಇಂಡಸ್ಟ್ರಿಯಲ್, ನಾನ್ ಇಂಡಸ್ಟ್ರಿಯಲ್ ಅಂತ ಎರಡಿದೆ. ಫ್ಯಾಕ್ಟರಿ, ಗೋಡೌನ್‌ಗೆ ಮೊದಲನೇದು, ಹೋಟೆಲ್, ಸ್ಕೂಲು, ಆಫೀಸು, ಕಲ್ಯಾಣ ಮಂಟಪ, ಅಪಾರ್ಟ್‌ಮೆಂಟ್‌ಗೆ ಎರಡನೇದು. ಸಾಮಾನ್ಯವಾಗಿ ಕ್ಲೇಮ್ಸ್ ಮೇಡ್. ಲಿಮಿಟ್ ಎರಡು ಅಂಕಿಯಲ್ಲಿರುತ್ತೆ, ಒಂದು ಆಕ್ಸಿಡೆಂಟ್‌ಗೆ ಎಷ್ಟು, ವರ್ಷಕ್ಕೆ ಒಟ್ಟು ಎಷ್ಟು, ಅನುಪಾತ 1:1ರಿಂದ 1:4ರವರೆಗೆ. ಕೊಟೇಶನ್‌ನಲ್ಲಿ ದೊಡ್ಡದಾಗಿ ಕಾಣೋದು ವರ್ಷದ್ದಾ ಒಂದು ಘಟನೆಯದ್ದಾ ನೋಡ್ಕೊಳ್ಳಿ, "ನಾಲ್ಕು ಕೋಟಿ ಕವರ್" ಅಂದಿದ್ದು ಒಂದು ಘಟನೆಗೆ ಒಂದೇ ಕೋಟಿ ಇರಬಹುದು.

ಇದು ಅಗ್ಗ ಯಾಕಂದ್ರೆ ಮೂಲ ಪಾಲಿಸಿಯಲ್ಲಿ ಇರೋದು ನಿಮ್ಮ ಜಾಗ, ಅಲ್ಲಿ ನಡೆಯೋ ಕೆಲಸ ಅಷ್ಟೇ. ಗೇಟ್ ದಾಟಿ ಹೋದ ಮಾಲಿಂದ ಆಗೋ ತೊಂದರೆ ಇದರಲ್ಲಿಲ್ಲ. ಪೊಲ್ಯೂಷನ್ ಇಲ್ಲ, ಪ್ರವಾಹ ಭೂಕಂಪದಂಥ ಆಕ್ಟ್ ಆಫ್ ಗಾಡ್ ಇಲ್ಲ, ಸಾಗಾಟದಲ್ಲಿ ಆಗೋದು ಇಲ್ಲ. ಇವನ್ನೆಲ್ಲ ಎಕ್ಸ್‌ಟೆನ್ಷನ್ ಅಂತ ಬೇರೆ ದುಡ್ಡು ಕೊಟ್ಟು ಸೇರಿಸ್ಕೋಬೇಕು. ಹೋಟೆಲ್, ಕೇಟರಿಂಗ್‌ನೋರಿಗೆ ಫುಡ್ ಅಂಡ್ ಬೆವರೇಜ್ ಎಕ್ಸ್‌ಟೆನ್ಷನ್, ಅಪಾರ್ಟ್‌ಮೆಂಟ್‌ನೋರಿಗೆ ಲಿಫ್ಟ್ ಮತ್ತೆ ಸ್ವಿಮ್ಮಿಂಗ್ ಪೂಲ್ ಎಕ್ಸ್‌ಟೆನ್ಷನ್ ಇಲ್ಲದೇ ಇದ್ರೆ ಆ ಪಾಲಿಸಿ ಇದ್ದೂ ಇಲ್ಲದ ಹಾಗೆ. ಮದುವೆ ಊಟದಲ್ಲಿ ಐವತ್ತು ಜನ ವಾಂತಿ ಮಾಡ್ಕೊಂಡು ಆಸ್ಪತ್ರೆ ಸೇರಿದಾಗ ಕೇಟರಿಂಗ್‌ನೋನಿಗೆ ಬೇಕಾಗೋದು ಆ ಒಂದು ಸಾಲು ಮಾತ್ರ, ಲಿಮಿಟ್ ಐದು ಕೋಟಿ ಇದ್ರೂ ಆ ಸಾಲಿಲ್ದೆ ಉಪಯೋಗ ಇಲ್ಲ. ಮಂಟಪದೋರ ಪಾಲಿಸಿ ಇದೆ ಅಂತ ಕೇಟರಿಂಗ್‌ನೋರು ಸುಮ್ನಿರ್ತಾರೆ, ಅದು ಮಂಟಪದೋರ ಹೆಸರಲ್ಲಿರೋದು, ಪರಿಹಾರ ಕೊಟ್ಮೇಲೆ ಆ ಕಂಪನಿ ವಾಪಸ್ ನಿಮ್ಮ ಮೇಲೇ ಬರಬಹುದು.

ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ಕ್ಕೆ ಬೆಂಕಿ ಬಿದ್ದು 9 ಜನ ಹೋದ್ರು. ದಿಲ್ಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರಲ್ಲಿ 59 ಜನ. ಉಪಹಾರ್ ಕೇಸಲ್ಲಿ ದಿಲ್ಲಿ ಹೈಕೋರ್ಟ್ 20 ವರ್ಷ ದಾಟಿದೋರಿಗೆ 18 ಲಕ್ಷ, ಚಿಕ್ಕೋರಿಗೆ 15 ಲಕ್ಷ ಅಂದಿತ್ತು, ಸುಪ್ರೀಂ ಕೋರ್ಟ್ 2011ರಲ್ಲಿ ಅದನ್ನ 10 ಲಕ್ಷ ಮತ್ತೆ 7.5 ಲಕ್ಷಕ್ಕೆ ಇಳಿಸ್ತು. ಒಂದು ಸಾವಿಗೆ ಅಲ್ಲ, ಒಂದೇ ಘಟನೆಯಲ್ಲಿ ಎಷ್ಟು ಜನ ಸಿಕ್ಕಾಕೋಬಹುದು ಅನ್ನೋದಕ್ಕೆ ಗುಣಿಸಿ ಲಿಮಿಟ್ ಲೆಕ್ಕ ಹಾಕಿ ಅನ್ನೋದಕ್ಕೆ ಇದು ಹೇಳಿದ್ದು.

ಇದರ ಜೊತೆ ಗೊಂದಲ ಆಗೋ ಇನ್ನೊಂದಿದೆ, ಪಬ್ಲಿಕ್ ಲಯಬಿಲಿಟಿ ಇನ್ಶೂರೆನ್ಸ್ ಆಕ್ಟ್ 1991ರ ಪಾಲಿಸಿ. ಭೋಪಾಲ್ ದುರಂತ ಆದ್ಮೇಲೆ ಬಂದ ಕಾನೂನು ಅದು. ಅಮೋನಿಯಾ, ಕ್ಲೋರಿನ್ ಥರದ ಅಪಾಯಕಾರಿ ವಸ್ತು ನಿಗದಿತ ಪ್ರಮಾಣಕ್ಕಿಂತ ಜಾಸ್ತಿ ಇಟ್ಕೊಂಡ್ರೆ ಕಡ್ಡಾಯ. ತಪ್ಪು ಯಾರದ್ದು ಅಂತ ಸಾಬೀತು ಮಾಡೋ ಅಗತ್ಯ ಇಲ್ದೆ ತಕ್ಷಣದ ಪರಿಹಾರ ಕೊಡೋದಕ್ಕೆ ಇರೋದು. ಇದನ್ನ ಮಾಡ್ಸಿದೀನಿ ಅಂತ ಮಿಕ್ಕಿದ್ದು ಬಿಡೋ ಹಾಗಿಲ್ಲ, ಇದು ಕಾನೂನಿನ ಬಾಬ್ತು, ಆಯ್ಕೆ ಅಲ್ಲ.

ಪ್ರಾಡಕ್ಟ್ ಲಯಬಿಲಿಟಿ ಒಂದನ್ನೇ ತಗೊಳ್ಳೋದು

ನಿಮ್ಮಲ್ಲಿಗೆ ಹೊರಗಿನೋರು ಬರೋದೇ ಕಮ್ಮಿ, ಇರೋ ರಿಸ್ಕೆಲ್ಲ ಮಾರಿದ ವಸ್ತುವಿನದ್ದು ಅಂದ್ರೆ ಇದು ಸರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದ್ಮೇಲೆ ಪ್ರಾಡಕ್ಟ್ ಲಯಬಿಲಿಟಿಗೆ ಅಂತಾನೇ ಒಂದು ಅಧ್ಯಾಯ ಇದೆ. ಬೇರೆಯೋರು ಮಾಡಿದ್ದಕ್ಕೆ ನಿಮ್ಮ ಬ್ರಾಂಡ್ ಸ್ಟಿಕ್ಕರ್ ಅಂಟಿಸಿ ಮಾರಿದ್ರೆ ಕಾನೂನಿನ ಕಣ್ಣಲ್ಲಿ ನೀವೇ ತಯಾರಕರು. ಮಿಕ್ಸರ್, ಸ್ಟೆಬಿಲೈಸರ್, ಗೀಸರ್ ಹೊರಗಡೆ ಮಾಡ್ಸಿ ತಮ್ಮ ಹೆಸರು ಹಾಕಿ ಮಾರೋರು ಇದನ್ನ ಗಮನಿಸಿರೋದೇ ಇಲ್ಲ, "ನಾವು ಟ್ರೇಡಿಂಗ್ ಸಾರ್, ಮ್ಯಾನುಫ್ಯಾಕ್ಚರಿಂಗ್ ಅಲ್ಲ" ಅಂತ ಪ್ರಪೋಸಲ್ ಫಾರ್ಮ್‌ನಲ್ಲಿ ಬರೀತಾರೆ, ಕ್ಲೇಮ್ ಬಂದಾಗ ಅದೇ ಫಾರ್ಮ್ ತೋರಿಸಿ ಕಂಪನಿಯೋರು ನೀವು ವಿಷಯ ಮುಚ್ಚಿಟ್ಟಿದೀರ ಅಂತಾರೆ.

ಇದೂ ಬಹುಪಾಲು ಕ್ಲೇಮ್ಸ್ ಮೇಡ್. ಪ್ರೀಮಿಯಂ ಟರ್ನೋವರ್ ಮೇಲೆ. ರೀಕಾಲ್ ಖರ್ಚು ಇಲ್ಲ, ಅಂದ್ರೆ ಮಾರ್ಕೆಟ್‌ನಿಂದ ಮಾಲು ವಾಪಸ್ ತರಿಸ್ಕೊಳ್ಳೋ ಖರ್ಚು ನಿಮ್ಮದೇ. ಹಾಳಾದ ನಿಮ್ಮ ವಸ್ತುವಿನ ಬೆಲೆ ಇಲ್ಲ. ಗೀಸರ್ ಸಿಡಿದು ಬಾತ್‌ರೂಮ್ ಹಾಳಾದ್ರೆ ಬಾತ್‌ರೂಮಿಗೆ ಬರುತ್ತೆ, ಗೀಸರ್‌ಗೆ ಬರಲ್ಲ.

ಸಿಜಿಎಲ್: ದೊಡ್ಡ ಛತ್ರಿ, ಆದ್ರೆ ತೂತು ಎಲ್ಲಿದೆ ನೋಡಿ

ಕಮರ್ಷಿಯಲ್ ಜನರಲ್ ಲಯಬಿಲಿಟಿ ಅಮೆರಿಕದ ಪಾಲಿಸಿ. ಈಗ ನಮ್ಮಲ್ಲಿ ಸಿಗೋ ವರ್ಡಿಂಗ್ ಬಹುತೇಕ ಅಲ್ಲಿನ ಐಎಸ್ಒ (ಇನ್ಶೂರೆನ್ಸ್ ಸರ್ವೀಸಸ್ ಆಫೀಸ್ ಅನ್ನೋ ಸಂಸ್ಥೆ) ಫಾರ್ಮ್ ನೋಡ್ಕೊಂಡೇ ಬರೆದಿರೋದು. ಜಾಗ, ಕೆಲಸ, ಮಾರಿದ ವಸ್ತು, ಮುಗಿಸಿಕೊಟ್ಟ ಕೆಲಸ ಎಲ್ಲಾ ಒಂದೇ ಪಾಲಿಸಿಯಲ್ಲಿ. ಕವರೇಜ್ ಎ ಅಂದ್ರೆ ಪೆಟ್ಟು ಮತ್ತೆ ಆಸ್ತಿ ನಷ್ಟ, ಬಿ ಅಂದ್ರೆ ಮಾನಹಾನಿ, ಜಾಹೀರಾತಿನಲ್ಲಿ ಇನ್ನೊಬ್ಬರ ಹೆಸರು ಐಡಿಯಾ ಬಳಸಿದ್ದು ಅಂಥವು, ಸಿ ಅಂದ್ರೆ ತಪ್ಪು ಯಾರದ್ದೇ ಇರ್ಲಿ ಸಣ್ಣ ಮೊತ್ತದ ಆಸ್ಪತ್ರೆ ಖರ್ಚು. ಅಕರೆನ್ಸ್, ಕ್ಲೇಮ್ಸ್ ಮೇಡ್ ಎರಡರಲ್ಲೂ ಸಿಗುತ್ತೆ. ಐಎಸ್ಒ ಮೂಲ ಫಾರ್ಮ್‌ನಲ್ಲಿ ವಕೀಲರ ಖರ್ಚು ಲಿಮಿಟ್ ಹೊರಗಿದೆ, ಆದ್ರೆ ಇಲ್ಲಿ ಕೊಡೋವಾಗ ಎಂಡಾರ್ಸ್‌ಮೆಂಟ್ (ಮೂಲ ಪಾಲಿಸಿಯ ಸಾಲು ಬದಲಾಯಿಸೋ ಸೇರ್ಪಡೆ) ಹಾಕಿ ಒಳಗೆ ತಂದಿರ್ತಾರೆ, ಅಮೆರಿಕ ಜ್ಯೂರಿಸ್‌ಡಿಕ್ಷನ್ ಇದ್ರೆ ಇದನ್ನ ಖಂಡಿತಾ ಕೇಳಿ ತಿಳ್ಕೊಳ್ಳಿ. ಅಲ್ಲಿ ಕೇಸು ನೀವೇ ಗೆದ್ರೂ ವಕೀಲರ ಬಿಲ್ಲೇ ಲಿಮಿಟ್ ತಿಂದು ಹಾಕುತ್ತೆ.

ಈಗ ಜಗಳದ ಸಾಲುಗಳಿಗೆ ಬರೋಣ. ಎಲ್ಲಾ ಎಕ್ಸ್‌ಕ್ಲೂಷನ್ ಬಗ್ಗೆ ಹೇಳ್ತಾ ಹೋಗಲ್ಲ, ಯುದ್ಧ, ವಿಮಾನ ಎಲ್ಲಾ ನಿಮಗೆ ಬೇಡ.

ಜಾಬ್ ವರ್ಕ್ ಮಾಡೋರು ಇದನ್ನ ಎರಡು ಸಲ ಓದಿ. ದೊಡ್ಡ ಕಂಪನಿಯೋರು ಚಲನ್ ಹಾಕಿ ಕಾಸ್ಟಿಂಗ್ ಕಳಿಸ್ತಾರೆ, ನೀವು ಬೋರಿಂಗ್, ಫೇಸಿಂಗ್ ಮಾಡಿ ವಾಪಸ್ ಕಳಿಸ್ತೀರ. ಕಾಸ್ಟಿಂಗ್ ಅವರದ್ದು. ಆಪರೇಟರ್ ಆಫ್‌ಸೆಟ್ ತಪ್ಪು ಹಾಕಿ ಒಂದು ಲಾಟ್ ಪೂರ್ತಿ ಹೋಯ್ತು, ಅವರು ಡೆಬಿಟ್ ನೋಟ್ ಕಳಿಸಿದ್ರು. "ಬೇರೆಯವರ ಆಸ್ತಿ ಹಾಳಾಗಿದೆ, ನನ್ನ ಹತ್ರ ಸಿಜಿಎಲ್ ಇದೆ" ಅಂತ ನೀವು ಕ್ಲೇಮ್ ಹಾಕಿದ್ರೆ ಬರೋ ಉತ್ತರ ಎರಡು. ಒಂದು, ನಿಮ್ಮ ಸುಪರ್ದಿಯಲ್ಲಿರೋ ಇನ್ನೊಬ್ಬರ ವಸ್ತು ಕವರ್ ಆಗಲ್ಲ. ಎರಡು, ಯಾವ ಭಾಗದ ಮೇಲೆ ನೀವು ಕೆಲಸ ಮಾಡಿ ತಪ್ಪು ಮಾಡಿದ್ರೋ ಆ ಭಾಗದ ರಿಪೇರಿ, ಬದಲಿ ಕವರ್ ಆಗಲ್ಲ. ಎರಡೂ ಐಎಸ್ಒ ಫಾರ್ಮ್‌ನ ಜೆ ಎಕ್ಸ್‌ಕ್ಲೂಷನ್‌ನಲ್ಲೇ ಇದೆ. ಇದರಲ್ಲಿ ಕಂಪನಿಯೋರ ಮೋಸ ಏನಿಲ್ಲ, ಕೆಲಸದ ತಪ್ಪನ್ನ ಲಯಬಿಲಿಟಿ ಪಾಲಿಸಿ ಹೊರಲ್ಲ. ಅದೇ ಮಾಲು ನಿಮ್ಮ ಶೆಡ್‌ನಲ್ಲಿ ಬೆಂಕಿಗೆ ಹೋದ್ರೆ? ಅದಕ್ಕೂ ಸಿಜಿಎಲ್ ಅಲ್ಲ, ನಿಮ್ಮ ಫೈರ್ ಪಾಲಿಸಿಯಲ್ಲಿ "ಗೂಡ್ಸ್ ಹೆಲ್ಡ್ ಇನ್ ಟ್ರಸ್ಟ್" ಅನ್ನೋ ಸಾಲು ಸೇರಿಸಿ ಆ ಮಾಲಿನ ಬೆಲೆಯನ್ನೂ ಸಮ್ ಇನ್ಶೂರ್ಡ್‌ಗೆ ಕೂಡಿಸ್ಬೇಕು. ಬರೀ ಲೋಕಲ್ ಜಾಬ್ ವರ್ಕ್ ಮಾಡೋರಿಗೆ ದೊಡ್ಡ ಸಿಜಿಎಲ್ ಬದಲು ಸಣ್ಣ ಪಬ್ಲಿಕ್ ಲಯಬಿಲಿಟಿ ಜೊತೆ ಈ ಒಂದು ಸಾಲು ಸೇರಿಸಿ ಅಂತ ನಾನು ಹೇಳೋದು ಇದಕ್ಕೇ.

ಆಮೇಲೆ ಇಂಪೇರ್ಡ್ ಪ್ರಾಪರ್ಟಿ, ಅಂದ್ರೆ ಒಡೆಯದೇ ಇದ್ರೂ ನಿಮ್ಮ ಪಾರ್ಟ್‌ನಿಂದಾಗಿ ಬಳಸೋಕಾಗದ ಇನ್ನೊಬ್ಬರ ಆಸ್ತಿ. ನೀವು ಮಾಡಿಕೊಟ್ಟ ಸೀಲ್ ಅಳತೆ ಸರಿಯಿಲ್ಲ ಅಂತ ಗೊತ್ತಾಗಿ ಕಸ್ಟಮರ್ ಪಂಪ್ ಲೈನ್ ನಿಲ್ಲಿಸಿದ್ರು, ಬೇರೇನೂ ಒಡೆದಿಲ್ಲ, ಆದ್ರೆ ನಾಲ್ಕು ದಿನದ ಉತ್ಪಾದನೆ ಹೋಯ್ತು ಅಂತ ಲಕ್ಷಗಟ್ಟಲೆ ಕೇಳ್ತಿದಾರೆ. ಕವರ್ ಆಗಲ್ಲ. ಅದೇ ಸೀಲ್ ಬಳಕೆಯಲ್ಲಿದ್ದಾಗ ಇದ್ದಕ್ಕಿದ್ದಂತೆ ಒಡೆದು ಲೈನ್ ನಿಂತ್ರೆ ಆ ಎಕ್ಸ್‌ಕ್ಲೂಷನ್‌ನಲ್ಲೇ ಒಂದು ವಿನಾಯಿತಿ ಇದೆ, ಬೇರೆ ಆಸ್ತಿ ಬಳಸೋಕಾಗದ ನಷ್ಟ ಬರುತ್ತೆ. ಹೀಗಾಗಿ ನಷ್ಟ ನೋಡೋಕೆ ಇನ್ಶೂರೆನ್ಸ್ ಕಂಪನಿ ಕಳಿಸೋ ಸರ್ವೇಯರ್ ಮುಂದೆ "ಸೀಲ್ ಸರಿಯಿರ್ಲಿಲ್ಲ" ಅಂತ ಬಾಯಿಗೆ ಬಂದಂಗೆ ಹೇಳೋದಕ್ಕಿಂತ ಒಡೆದ ಸೀಲ್ ಎತ್ತಿಟ್ಟು, ಯಾವಾಗ ಹೇಗೆ ಒಡೀತು ಅಂತ ಸರಿಯಾಗಿ ಬರೆದಿಟ್ಕೊಳ್ಳಿ, ಕ್ಲೇಮ್ ನಿಂತಿರೋದೇ ಅದರ ಮೇಲೆ.

ಕಾಂಟ್ರಾಕ್ಟರ್‌ಗಳಿಗೆ "ಯುವರ್ ವರ್ಕ್" ಎಕ್ಸ್‌ಕ್ಲೂಷನ್. ವಾಟರ್‌ಪ್ರೂಫಿಂಗ್ ಮಾಡಿಕೊಟ್ರಿ, ಸೋರ್ತು, ಕೆಳಗಿನ ಮನೆಯ ಫಾಲ್ಸ್ ಸೀಲಿಂಗ್, ಸೋಫಾ, ಟಿವಿ ಹೋಯ್ತು. ಕೆಳಗಿನೋರ ನಷ್ಟ ಬರುತ್ತೆ, ನಿಮ್ಮ ವಾಟರ್‌ಪ್ರೂಫಿಂಗ್ ಮತ್ತೆ ಮಾಡೋ ಖರ್ಚು ಬರಲ್ಲ. ಐಎಸ್ಒ ಫಾರ್ಮ್‌ನಲ್ಲಿ ಆ ಕೆಲಸ ಸಬ್ ಕಾಂಟ್ರಾಕ್ಟರ್ ಮಾಡಿದ್ರೆ ಈ ಎಕ್ಸ್‌ಕ್ಲೂಷನ್ ಅನ್ವಯಿಸಲ್ಲ ಅಂತಿದೆ, ಅದನ್ನ ಎಂಡಾರ್ಸ್‌ಮೆಂಟ್ ಹಾಕಿ ತೆಗೆದಿದಾರಾ ನೋಡಿ. ವರ್ಕ್ ಆರ್ಡರ್‌ನಲ್ಲಿ ತಡವಾದ್ರೆ ದಿನಕ್ಕಿಷ್ಟು ದಂಡ ಅಂತ ಒಪ್ಕೊಂಡಿರ್ತೀರಲ್ಲ, ಅದು ಯಾವ ಲಯಬಿಲಿಟಿ ಪಾಲಿಸಿಯಲ್ಲೂ ಬರಲ್ಲ.

ಕೆಲಸದೋರಿಗೆ ಪೆಟ್ಟಾದ್ರೆ ಇದರಲ್ಲಿಲ್ಲ, ಅದಕ್ಕೆ ಇಎಸ್ಐ ಇದೆ, ಇಲ್ಲಾಂದ್ರೆ ಎಂಪ್ಲಾಯೀಸ್ ಕಾಂಪೆನ್ಸೇಷನ್ ಪಾಲಿಸಿ. ಜಗಳ ಬರೋದು ಮಧ್ಯದವರ ವಿಷಯದಲ್ಲಿ, ಲೋಡಿಂಗ್ ಹಮಾಲಿಗಳು, ಸೆಕ್ಯೂರಿಟಿ, ಏಜೆನ್ಸಿ ಹುಡುಗರು. ನಿಮ್ಮ ಪ್ರಕಾರ ಅವರು ಹೊರಗಿನೋರು, ಇನ್ಶೂರೆನ್ಸ್ ಕಂಪನಿ ಪ್ರಕಾರ ಕೆಲಸದೋರು. ಎಂಪ್ಲಾಯೀಸ್ ಕಾಂಪೆನ್ಸೇಷನ್ ಪಾಲಿಸಿಯಲ್ಲಿ ಕಾಂಟ್ರಾಕ್ಟರ್ ಕಡೆಯ ಕೆಲಸದೋರನ್ನೂ ಸೇರಿಸ್ಬಿಟ್ರೆ ಈ ಜಗಳಾನೇ ಇರಲ್ಲ.

ಸಾಫ್ಟ್‌ವೇರ್ ಕಂಪನಿಯೋರಿಗೆ ಅಮೆರಿಕದ ಕ್ಲೈಂಟ್ ಅಗ್ರಿಮೆಂಟ್‌ನಲ್ಲಿ ಸಿಜಿಎಲ್ ಬೇಕು ಅಂತ ಬರೆದಿರ್ತಾರೆ, ಮಾಡ್ಸಿ ಕೊಟ್ಟು ನಿಶ್ಚಿಂತೆಯಿಂದ ಇರ್ತಾರೆ. ಕೋಡ್ ತಪ್ಪಿಂದ ಕ್ಲೈಂಟ್‌ಗೆ ಆದ ನಷ್ಟ ಪೆಟ್ಟೂ ಅಲ್ಲ, ಆಸ್ತಿ ನಷ್ಟಾನೂ ಅಲ್ಲ, ಮೇಲಾಗಿ ಪ್ರೊಫೆಷನಲ್ ಸರ್ವಿಸ್, ಎಲೆಕ್ಟ್ರಾನಿಕ್ ಡೇಟಾ ಎಕ್ಸ್‌ಕ್ಲೂಷನ್ ಬೇರೆ ಇರುತ್ತೆ. ನಿಮಗೆ ಬೇಕಿರೋದು ಎರರ್ಸ್ ಅಂಡ್ ಒಮಿಷನ್ಸ್, ಅಂದ್ರೆ ವೃತ್ತಿ ಕೆಲಸದ ತಪ್ಪಿಗೆ ಇರೋ ಪಾಲಿಸಿ. ಸಿಜಿಎಲ್ ಕಾಗದಕ್ಕೆ ಎಷ್ಟು ಬೇಕೋ ಅಷ್ಟು ಸಣ್ಣದು ತಗೊಂಡು ದುಡ್ಡು ಆ ಕಡೆ ಹಾಕಿ.

ಪೊಲ್ಯೂಷನ್ ಎಕ್ಸ್‌ಕ್ಲೂಷನ್ ಸಿಜಿಎಲ್‌ನಲ್ಲಿ 1986ರಿಂದ ಹೆಚ್ಚುಕಮ್ಮಿ ಪೂರ್ತಿ. ಪ್ಲೇಟಿಂಗ್, ಡೈಯಿಂಗ್ ಯೂನಿಟ್‌ನೋರು ಬೇಕಾದ್ರೆ "ಸಡನ್ ಅಂಡ್ ಆಕ್ಸಿಡೆಂಟಲ್" ಪೊಲ್ಯೂಷನ್ ಎಕ್ಸ್‌ಟೆನ್ಷನ್ ಕೇಳಬಹುದು, ಆದ್ರೆ ವರ್ಷಗಟ್ಟಲೆ ನಿಧಾನಕ್ಕೆ ಇಂಗಿದ ಆಸಿಡ್ ಅದರಲ್ಲೂ ಬರಲ್ಲ.

ಎಕ್ಸ್‌ಪೋರ್ಟ್ ಮಾಡೋರಿಗೆ

ಇಲ್ಲಿ ಸಿಜಿಎಲ್‌ಗೆ ಬದಲಿ ಇಲ್ಲ ಅಂತಾನೇ ಹೇಳ್ಬಹುದು, ಯಾಕಂದ್ರೆ ಬೈಯರ್ ಕೇಳೋದೇ ಅದನ್ನ. ಸಾಮಾನ್ಯವಾಗಿ ಒಂದು ಘಟನೆಗೆ 10 ಲಕ್ಷ ಡಾಲರ್, ವರ್ಷಕ್ಕೆ 20 ಲಕ್ಷ ಡಾಲರ್, ಜೊತೆಗೆ ಅವರನ್ನ ವೆಂಡರ್ಸ್ ಎಂಡಾರ್ಸ್‌ಮೆಂಟ್‌ನಲ್ಲಿ ಅಡಿಷನಲ್ ಇನ್ಶೂರ್ಡ್ ಮಾಡಿರಬೇಕು, ಅಂದ್ರೆ ನಿಮ್ಮ ಪಾಲಿಸಿಯಲ್ಲೇ ಅವರಿಗೂ ಕವರ್ ಇರಬೇಕು ಅಂತಾರೆ. ಅಮೆರಿಕ ಕೆನಡಾ ಜ್ಯೂರಿಸ್‌ಡಿಕ್ಷನ್ ಸೇರಿಸಿದ ತಕ್ಷಣ ಪ್ರೀಮಿಯಂ ಜಿಗಿಯುತ್ತೆ, ಅದನ್ನ ಕಮ್ಮಿ ಮಾಡೋ ಆಸೆಗೆ ಕ್ಲೇಮ್ಸ್ ಮೇಡ್‌ಗೆ ಒಪ್ಕೋತಾರೆ. ಬೊಂಬೆಯೋರು ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಮಗುವಿಗೆ ಪೆಟ್ಟಾದ್ರೆ ಕೇಸ್ ಹಾಕೋ ಗಡುವು ಆ ಮಗು ವಯಸ್ಕ ಆದ್ಮೇಲೆ ಶುರುವಾಗೋದು. ಇವತ್ತಿನ ಬೊಂಬೆಗೆ ನೋಟಿಸ್ ಹದಿನೈದು ವರ್ಷ ಬಿಟ್ಟು ಬರ್ಬಹುದು, ಅಷ್ಟೊತ್ತಿಗೆ ನೀವು ವ್ಯಾಪಾರ ಬಿಟ್ಟಿದ್ರೆ ಕ್ಲೇಮ್ಸ್ ಮೇಡ್ ಪಾಲಿಸಿ ಯಾವುದೂ ಇರಲ್ಲ. ಅದಕ್ಕೆ ಲಿಮಿಟ್ ಬೈಯರ್ ಕೇಳಿದಷ್ಟಕ್ಕೇ ಇರ್ಲಿ, ದುಡ್ಡು ಅಕರೆನ್ಸ್‌ಗೆ ಹಾಕಿ, ಹಳೇ ಪಾಲಿಸಿ ಪ್ರತಿಗಳನ್ನ ಎಂದೂ ಬಿಸಾಕಬೇಡಿ.

ಇನ್ನೊಂದು ಸಾಲು ಹುಡುಕಿ, ಲೆಡ್ ಎಕ್ಸ್‌ಕ್ಲೂಷನ್. ಅಮೆರಿಕದಲ್ಲಿ ಮಕ್ಕಳ ವಸ್ತುವಿನ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟೋ ಹಾಗಿಲ್ಲ, ವಸ್ತುವಿನಲ್ಲಿ 100 ಪಿಪಿಎಂ. ಅರಗು, ಸಸ್ಯದ ಬಣ್ಣ ಹಚ್ಚಿದ್ದು ನಮ್ಮದು, ತೊಂದ್ರೆ ಇಲ್ಲ ಅನ್ಬಹುದು, ಆದ್ರೆ ಕೇಸ್ ಹಾಕೋಕೆ ಆರೋಪ ಸಾಕು, ಲೆಡ್ ಅನ್ನೋ ಪದ ನೋಟಿಸ್‌ನಲ್ಲಿ ಕಂಡ್ರೆ ವಕೀಲರ ಖರ್ಚೂ ಕೊಡಲ್ಲ ಅನ್ನೋ ಥರ ಆ ಸಾಲು ಬರೆದಿರ್ತಾರೆ. ಬೊಂಬೆ ಮಾಡೋನಿಗೆ ಲೆಡ್ ಎಕ್ಸ್‌ಕ್ಲೂಷನ್ ಇರೋ ಪಾಲಿಸಿ ಅರ್ಧ ಬೆಲೆಗೆ ಸಿಕ್ಕಿದ್ರೂ ದುಬಾರಿನೇ.

ಹಾಗಾದ್ರೆ ಯಾರಿಗೆ ಯಾವುದು

ಅಂಗಡಿ ಸಣ್ಣದು, ಬಜೆಟ್ ಬಿಗಿ ಅಂದ್ರೆ ಪ್ಯಾಕೇಜ್ ಸಾಕು. ಕೇಟರಿಂಗ್, ಹೋಟೆಲ್, ಅಪಾರ್ಟ್‌ಮೆಂಟ್, ಮಂಟಪಕ್ಕೆ ನಾನ್ ಇಂಡಸ್ಟ್ರಿಯಲ್ ಪಬ್ಲಿಕ್ ಲಯಬಿಲಿಟಿ, ಉಳಿಸೋದಿದ್ರೆ ಲಿಮಿಟ್‌ನಲ್ಲಿ ಉಳಿಸಿ, ಎಕ್ಸ್‌ಟೆನ್ಷನ್‌ನಲ್ಲಿ ಬೇಡ. ದೇಶದೊಳಗೇ ಮಾರೋ ತಯಾರಕರಿಗೆ ಇಂಡಸ್ಟ್ರಿಯಲ್ ಪಬ್ಲಿಕ್ ಲಯಬಿಲಿಟಿ ಜೊತೆ ಪ್ರಾಡಕ್ಟ್ ಲಯಬಿಲಿಟಿ, ಅಥವಾ ಇಂಡಿಯಾ ಜ್ಯೂರಿಸ್‌ಡಿಕ್ಷನ್ ಸಿಜಿಎಲ್. ಎರಡರ ಬೆಲೆ ಹತ್ತಿರ ಇದ್ರೆ ನಾನು ಸಿಜಿಎಲ್ ಅಂತೀನಿ, ಯಾಕಂದ್ರೆ ಎರಡು ಪಾಲಿಸಿ ಎರಡು ಕಂಪನಿಯಲ್ಲಿದ್ರೆ "ಇದು ಜಾಗದ ವಿಷಯ", "ಅಲ್ಲ, ಪ್ರಾಡಕ್ಟ್ ವಿಷಯ" ಅಂತ ಒಬ್ಬರ ಮೇಲೊಬ್ಬರು ತಳ್ತಾರೆ, ಒಂದೇ ಪಾಲಿಸಿ ಆದ್ರೆ ಆ ಆಟ ಇಲ್ಲ. ಸೈಟ್‌ಗೆ ಹೋಗಿ ಕೆಲಸ ಮಾಡೋ ಕಾಂಟ್ರಾಕ್ಟರ್‌ಗೆ ಸಿಜಿಎಲ್ಲೇ ಸರಿ, ಮುಗಿಸಿಕೊಟ್ಟ ಕೆಲಸದ ಕವರ್ ಪಬ್ಲಿಕ್ ಲಯಬಿಲಿಟಿಯಲ್ಲಿ ಸಿಗಲ್ಲ. 18 ಪರ್ಸೆಂಟ್ ಜಿಎಸ್‌ಟಿ ನೋಡಿ ಹೆದರೋರು ನಿಮ್ಮ ಆಡಿಟರ್ ಹತ್ರ ಇನ್‌ಪುಟ್ ಕ್ರೆಡಿಟ್ ಕೇಳಿ, ಜಿಎಸ್‌ಟಿ ಕಟ್ಟೋ ಬಿಸಿನೆಸ್‌ಗೆ ಸಾಮಾನ್ಯವಾಗಿ ವಾಪಸ್ ಸಿಗುತ್ತೆ.

ಏನೇ ತಗೊಂಡ್ರೂ, ಪ್ರೀಮಿಯಂ ಕಟ್ಟೋ ಮುಂಚೆ ಪೂರ್ತಿ ವರ್ಡಿಂಗ್ ಮೇಲ್‌ನಲ್ಲಿ ತರಿಸ್ಕೊಳ್ಳಿ, ಮತ್ತೆ ನಿಮ್ಮ ದೊಡ್ಡ ಭಯ ಯಾವುದೋ ಅದನ್ನ ಒಂದು ಘಟನೆ ಥರ ಬರೆದು "ಹೀಗಾದ್ರೆ ಕವರ್ ಆಗುತ್ತಾ" ಅಂತ ಮೇಲ್‌ನಲ್ಲೇ ಕೇಳಿ. ಫೋನ್‌ನಲ್ಲಿ "ಎಲ್ಲಾ ಬರುತ್ತೆ ಸಾರ್" ಅಂದಿದ್ದಕ್ಕೆ ಬೆಲೆ ಇಲ್ಲ.

ರಿಜೆಕ್ಟ್ ಆದ್ಮೇಲೆ ಎಲ್ಲಿಗೆ ಹೋಗೋದು

ಅದಕ್ಕೂ ಮುಂಚೆ ಒಂದು. ನಮ್ಮ ಕಡೆ ಯಾರಿಗಾದ್ರೂ ಪೆಟ್ಟಾದ್ರೆ ಊರ ನಾಲ್ಕು ಜನ ಹಿರಿಯರು ಕೂತು ರಾಜಿ ಮಾಡಿಸಿ, ಇಷ್ಟು ಕೊಟ್ಬಿಡಿ ಅಂತ ಮುಗಿಸೋದು ರೂಢಿ. ಮನುಷ್ಯತ್ವದ ಮಾತು, ನಾನು ಬೇಡ ಅನ್ನಲ್ಲ, ಆದ್ರೆ ಪಾಲಿಸಿ ಕಂಡೀಷನ್‌ನಲ್ಲಿ ಕಂಪನಿ ಒಪ್ಪಿಗೆ ಇಲ್ದೆ ತಪ್ಪು ಒಪ್ಕೋಬಾರ್ದು, ದುಡ್ಡು ಕೊಡ್ಬಾರ್ದು ಅಂತಿರುತ್ತೆ, ಅದನ್ನ ಹಿಡ್ಕೊಂಡೇ ಕ್ಲೇಮ್ ನಿಲ್ಲಿಸ್ತಾರೆ. ಪ್ರಥಮ ಚಿಕಿತ್ಸೆಗೆ ಕರ್ಕೊಂಡು ಹೋಗಿ, ಅದೇ ದಿನ ಕಂಪನಿಗೆ ಮೇಲ್ ಹಾಕಿ, ರಾಜಿ ಪತ್ರಕ್ಕೆ ಸಹಿ ಮಾತ್ರ ಅವರ ಉತ್ತರ ಬಂದ್ಮೇಲೆ. ಸಿಜಿಎಲ್‌ನ ಕವರೇಜ್ ಸಿ ಇಲ್ಲಿ ನಿಜವಾಗ್ಲೂ ಕೆಲಸಕ್ಕೆ ಬರುತ್ತೆ.

ರಿಜೆಕ್ಟ್ ಲೆಟರ್ ಬಂದ್ರೆ ಅದನ್ನ ಜೋಪಾನ ಮಾಡಿ. ಅದರಲ್ಲಿ ಬರೆದ ಕಾರಣ ಬಿಟ್ಟು ಆಮೇಲೆ ಕೋರ್ಟಲ್ಲಿ ಹೊಸ ಕಾರಣ ತೆಗೆಯೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಸೌರಾಷ್ಟ್ರ ಕೆಮಿಕಲ್ಸ್ ಕೇಸಲ್ಲಿ ಹೇಳಿದೆ. ಎಕ್ಸ್‌ಕ್ಲೂಷನ್ ಅನ್ವಯಿಸುತ್ತೆ ಅಂತ ಸಾಬೀತು ಮಾಡೋ ಭಾರ ಕಂಪನಿ ಮೇಲೆ, ಇದು 2007ರ ಈಶರ್ ದಾಸ್ ಮದನ್ ಲಾಲ್ ಕೇಸು. ನಿಮಗೆ ತಿಳಿಸದೇ ಇದ್ದ ಎಕ್ಸ್‌ಕ್ಲೂಷನ್ ನಿಮ್ಮನ್ನ ಕಟ್ಟಿ ಹಾಕಲ್ಲ ಅಂತ 2019ರ ಭಾರತ್ ವಾಚ್ ಕಂಪನಿ ಕೇಸು. 2022ರ ಟೆಕ್ಸ್‌ಕೋ ಕೇಸು ನನಗೆ ತುಂಬಾ ಇಷ್ಟ: ಬೇಸ್‌ಮೆಂಟ್ ಅಂಗಡಿ ಅಂತ ಗೊತ್ತಿದ್ದೂ ಪಾಲಿಸಿ ಕೊಟ್ಟು, ಬೆಂಕಿ ಬಿದ್ಮೇಲೆ ಬೇಸ್‌ಮೆಂಟ್ ಕವರ್ ಇಲ್ಲ ಅಂದಿದ್ರು, ಪಾಲಿಸಿಯ ಉದ್ದೇಶವನ್ನೇ ಕೊಲ್ಲೋ ಎಕ್ಸ್‌ಕ್ಲೂಷನ್ ನಿಲ್ಲಲ್ಲ ಅಂತ ಕೋರ್ಟ್ ಹೇಳ್ತು. ಇವೆಲ್ಲಾ ಲಯಬಿಲಿಟಿ ಪಾಲಿಸಿ ಕೇಸುಗಳಲ್ಲ, ಆದ್ರೆ ತತ್ವ ಇದಕ್ಕೂ ಹಿಡಿಯುತ್ತೆ. ಉಲ್ಟಾ ಕೂಡ ನೆನಪಿರ್ಲಿ, ಪದ ಸ್ಪಷ್ಟವಾಗಿದ್ರೆ ಕೋರ್ಟ್ ಅದನ್ನ ಎಳೆದು ಹಿಗ್ಗಿಸಲ್ಲ, ಜಾಬ್ ವರ್ಕ್ ಡೆಬಿಟ್ ನೋಟ್ ಹಿಡ್ಕೊಂಡು ಹೋದ್ರೆ ಇವು ಯಾವುದೂ ಉಳಿಸಲ್ಲ.

ದಾರಿ ಮೂರು. ಪ್ರೊಪ್ರೈಟರ್‌ಶಿಪ್ ಅಥವಾ ಮೈಕ್ರೋ ಎಂಟರ್‌ಪ್ರೈಸ್ ಆಗಿದ್ರೆ, ಕೇಳೋದು 50 ಲಕ್ಷದೊಳಗಿದ್ರೆ ಇನ್ಶೂರೆನ್ಸ್ ಓಂಬುಡ್ಸ್‌ಮನ್, ಅಂದ್ರೆ ಇನ್ಶೂರೆನ್ಸ್ ದೂರು ತೀರ್ಮಾನ ಮಾಡೋ ಅಧಿಕಾರಿ. ಖರ್ಚಿಲ್ಲ, ವಕೀಲರು ಬೇಕಿಲ್ಲ, ತೀರ್ಪು ಕಂಪನಿ ಪಾಲಿಸಲೇಬೇಕು, ಕರ್ನಾಟಕಕ್ಕೆ ಬೆಂಗಳೂರಲ್ಲೇ ಆಫೀಸ್. ಕಂಪನಿಗೆ ಮೊದಲು ಲಿಖಿತ ದೂರು ಕೊಟ್ಟಿರ್ಬೇಕು, ರಿಜೆಕ್ಟ್ ಆದ ಒಂದು ವರ್ಷದೊಳಗೆ ಹೋಗ್ಬೇಕು. ಮೈಕ್ರೋ ಅಂದ್ರೆ 2025ರ ಏಪ್ರಿಲ್‌ನಿಂದ ಬಂಡವಾಳ ಎರಡೂವರೆ ಕೋಟಿ, ಟರ್ನೋವರ್ 10 ಕೋಟಿವರೆಗೆ, ಪೀಣ್ಯದ ಎಷ್ಟೋ ಶಾಪ್‌ಗಳು ಇದರೊಳಗೇ ಬರುತ್ತೆ ಆದ್ರೆ ಉದ್ಯಮ್ ರಿಜಿಸ್ಟ್ರೇಷನ್ ಮಾಡ್ಸಿರಲ್ಲ.

ಅದಕ್ಕಿಂತ ದೊಡ್ಡದಾದ್ರೆ ಗ್ರಾಹಕ ಆಯೋಗ. ಕಂಪನಿಗಳು, ಫರ್ಮ್‌ಗಳು ಗ್ರಾಹಕರಲ್ಲ ಅನ್ನೋ ವಾದ 2023ರ ಹರ್ಸೋಲಿಯಾ ಮೋಟರ್ಸ್ ತೀರ್ಪಿನ ನಂತರ ಹೆಚ್ಚು ನಡೆಯಲ್ಲ, ನಷ್ಟ ತುಂಬ್ಕೊಳ್ಳೋಕೆ ತಗೊಂಡ ಇನ್ಶೂರೆನ್ಸ್ ಸಾಮಾನ್ಯವಾಗಿ ವಾಣಿಜ್ಯ ಉದ್ದೇಶ ಅಲ್ಲ ಅಂತ ಅದರಲ್ಲಿದೆ. ಯಾವ ಆಯೋಗ ಅನ್ನೋದು ಈಗ ಕ್ಲೇಮ್ ಮೊತ್ತದ ಮೇಲಲ್ಲ, ಕಟ್ಟಿದ ಪ್ರೀಮಿಯಂ ಮೇಲೆ, 50 ಲಕ್ಷದವರೆಗೆ ಜಿಲ್ಲಾ ಆಯೋಗ, ಹಾಗಾಗಿ ಕೋಟಿ ಕ್ಲೇಮ್ ಆದ್ರೂ ನಿಮ್ಮ ಜಿಲ್ಲೆಯಲ್ಲೇ ಹಾಕಬಹುದು. ಗಡುವು ಎರಡು ವರ್ಷ. ಸಾಕ್ಷಿ, ಎಕ್ಸ್‌ಪರ್ಟ್ ವಿಚಾರಣೆ ಜಾಸ್ತಿ ಬೇಕಾಗೋ ಕೇಸಾದ್ರೆ ಸಿವಿಲ್ ಕೋರ್ಟ್‌ಗೆ ಹೋಗಿ ಅಂತ ಕಳಿಸಿಬಿಡೋ ಅಪಾಯ ಇದೆ.

ಸೀಲ್ ಒಡೆದಿದ್ದಾ, ಅಳತೆ ತಪ್ಪಾ ಅನ್ನೋ ಥರದ ತಾಂತ್ರಿಕ ಜಗಳಕ್ಕೆ ಕಮರ್ಷಿಯಲ್ ಕೋರ್ಟ್ ಸರಿ. ಮೂರು ಲಕ್ಷ ಮೇಲ್ಪಟ್ಟ ಇನ್ಶೂರೆನ್ಸ್ ವ್ಯಾಜ್ಯ ಅಲ್ಲಿ ಬರುತ್ತೆ, ತುರ್ತು ಆದೇಶ ಬೇಕಿಲ್ಲದಿದ್ರೆ ಮೊದಲು ಮೀಡಿಯೇಷನ್ ಕಡ್ಡಾಯ, ಕೋರ್ಟ್ ಫೀ ವಕೀಲರ ಫೀ ಎರಡೂ ಇದೆ, ಗಡುವು ಮೂರು ವರ್ಷ. ಹಳೇ ಪಾಲಿಸಿಯಲ್ಲಿ ಆರ್ಬಿಟ್ರೇಷನ್ ಕ್ಲಾಸ್ (ಕೋರ್ಟ್ ಬದಲು ಮಧ್ಯಸ್ಥರ ಹತ್ರ ತೀರ್ಮಾನ ಅನ್ನೋ ಷರತ್ತು) ಕಂಡ್ರೆ ಅದರ ಹಿಂದೆ ಓಡಬೇಡಿ, ಅದು ಬಹುಪಾಲು ಮೊತ್ತದ ಜಗಳಕ್ಕೆ ಮಾತ್ರ, ಕವರ್ರೇ ಇಲ್ಲ ಅಂತ ಕಂಪನಿ ಅಂದ್ರೆ ಆ ಬಾಗಿಲು ಮುಚ್ಚಿರುತ್ತೆ ಅಂತ 2018ರಲ್ಲೇ ನರಭೇರಾಮ್ ಪವರ್ ಕೇಸಲ್ಲಿ ತೀರ್ಮಾನ ಆಗಿದೆ.

ಮೂರರಲ್ಲಿ ಯಾವುದಕ್ಕೆ ಹೋದ್ರೂ, ಪೆಟ್ಟಾದೋರು ನಿಮ್ಮ ಮೇಲೆ ಹಾಕಿರೋ ಕೇಸು ಆ ಕಡೆ ನಡೀತಾನೇ ಇರುತ್ತೆ. ಅದಕ್ಕೆ ವಕೀಲರನ್ನ ಇಟ್ಟು ಹಾಜರಾಗಿ, ಪ್ರತಿ ತಾರೀಖಿನ ವಿವರ, ಪ್ರತಿ ಬಿಲ್ಲು ಇನ್ಶೂರೆನ್ಸ್ ಕಂಪನಿಗೆ ಮೇಲ್ ಮಾಡ್ತಾ ಇರಿ, ಅವರು ಉತ್ತರ ಕೊಡ್ದೇ ಇದ್ರೂ.